ಬಾಟಲಿಯ ತಳದಲ್ಲಿ ಯಾರೋ ಬಿಟ್ಟುಹೋದ ಹೆಪ್ಪು

ಹೋದ ಸಲ ಮನೇಲಿ ಶುಂಠಿ ಸೋಡಾ ಮಾಡೋದು ಹೇಗೆ ಅಂತ ಮಾತಾಡಿದ್ವಿ. ಅದಾದ ಮೇಲೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಖಾಲಿ ಬಿಯರ್ ಬಾಟಲಿಗೆ ತುಂಬಬಹುದಾ? ತುಂಬೋದಾದ್ರೆ ಹೇಗೆ ತೊಳೀಬೇಕು?" ಎರಡು ಸಾಲಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದ್ರೆ ನಮ್ಮನೇಲಿ ಆದದ್ದನ್ನ ಹೇಳದೆ ಮುಗಿಸೋಕೆ ಮನಸ್ಸು ಒಪ್ಪಲಿಲ್ಲ.

ಹೋದ ವರ್ಷ ಮೇ ತಿಂಗಳು. ಹೈದರಾಬಾದಿನ ಮೇ ಅಂದ್ರೆ ಗೊತ್ತಲ್ಲ, ರಾತ್ರಿ ಹತ್ತಾದ್ರೂ ಗೋಡೆ ಮುಟ್ಟಿದ್ರೆ ಬೆಚ್ಚಗಿರುತ್ತೆ. ಹನ್ನೆರಡು ಬಾಟಲಿ ಶುಂಠಿ ಸೋಡಾ ಮಾಡಿ ಅಡುಗೆಮನೆ ಕಟ್ಟೆ ಮೇಲಿಟ್ಟಿದ್ದೆ. ಎರಡು ದಿನ ಕಳೆದ ಮೇಲೆ ಒಂದು ತೆಗೆದು ಕುಡಿದೆ. ನೊರೆ ಸ್ವಲ್ಪ ಕಮ್ಮಿ ಅನ್ನಿಸ್ತು. "ಇನ್ನೊಂದು ದಿನ ಇರ್ಲಿ" ಅಂದೆ. ನನ್ನಾಕೆ "ಫ್ರಿಜ್ಜಿಗೆ ಇಡ್ರೀ, ಸಾಕು" ಅಂದ್ಲು. ಕೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಪಟಾಕಿ ಹೊಡೆದ ಹಾಗೆ ಸದ್ದು. ಹೋಗಿ ನೋಡಿದ್ರೆ ಒಂದು ಬಾಟಲಿ ಒಡೆದಿದೆ, ಗಾಜಿನ ಒಂದು ಚೂರು ಎದುರಿನ ಮರದ ಕಪಾಟಿಗೆ ನೆಟ್ಟಿದೆ. ಆ ಕಪಾಟಿನ ಮುಂದೆ ಸ್ಟೂಲ್ ಹಾಕ್ಕೊಂಡು ಮಗಳು ದಿನಾ ಬೆಳಿಗ್ಗೆ ಹಾಲು ಕುಡೀತಾಳೆ. ಆಮೇಲೆ ನಮಗ್ಯಾರಿಗೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಗಾಜು ಗುಡಿಸುವಾಗ ಬಾಟಲಿಯ ತಳ ಇಡಿಯಾಗಿ ಸಿಕ್ತು. ಒಳಗಡೆ ಕಂದು ಬಣ್ಣದ ಒಂದು ಉಂಗುರ, ಉಗುರಿಂದ ಕೆರೆದ್ರೆ ಬರ್ತಿತ್ತು. ನಾನು ಆ ಬಾಟಲಿ "ತೊಳೆದಿದ್ದೆ". ಏನು ಮಾಡಿದ್ದೆ ಅಂದ್ರೆ, ಎರಡು ಸಲ ನೀರು ಹಾಕಿ ಅಲ್ಲಾಡಿಸಿ, ಕ್ರಿಮಿ ಸಾಯಲಿ ಅಂತ ತಣ್ಣಗಿದ್ದ ಬಾಟಲಿಗೆ ಕುದಿಯೋ ನೀರು ಸುರಿದಿದ್ದೆ. ಉಳಿದವುಗಳಲ್ಲಿ ನಾಲ್ಕು ಬಾಟಲಿ ಸೋಡಾ ವಿನೆಗರ್ ವಾಸನೆ ಹೊಡೀತಿತ್ತು. ಸಕ್ಕರೆ, ಸೆಕೆ, ಕೊಳೆ, ಕುದಿನೀರಿಗೆ ಬೆದರಿದ ಗಾಜು, ನಾಲ್ಕು ತಪ್ಪು ಒಂದೇ ಕಡೆ ಸೇರಿದ್ದವು.

ಮೊದಲು ಕಾನೂನಿನ ಮಾತು

ಬಾರ್ಲಿ ಬಿಯರನ್ನೇ ಮನೇಲಿ ಮಾಡಬಹುದಾ ಅಂತ ಕೆಲವರು ಕೇಳ್ತೀರಿ. ತೆಲಂಗಾಣದಲ್ಲಿ ಜಾರಿಯಲ್ಲಿರೋದು 1968ರ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅದರ ಪ್ರಕಾರ ಅಪರಾಧ. ಹಾಗಾಗಿ ಇಲ್ಲಿರೋರು ಶುಂಠಿ ಸೋಡಾ, ಕೊಂಬುಚಾ ಅಷ್ಟಕ್ಕೇ ನಿಲ್ಲಿಸಿ, ಅದನ್ನೂ ಬೇಗ ಫ್ರಿಜ್ಜಿಗೆ ಸೇರಿಸಿ. ಅಮೆರಿಕದ ಮಾತು ಬೇರೆ. ಅಲ್ಲಿ 1978ರಲ್ಲಿ ಕಾನೂನು ಬದಲಾಗಿ, ಮನೆಬಳಕೆಗೆ ಬಿಯರ್ ಮಾಡಿಕೊಳ್ಳೋಕೆ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ತು. ಅಲ್ಲಿರೋ ನಮ್ಮವರು ಎಷ್ಟೋ ಜನ ಗ್ಯಾರೇಜಲ್ಲಿ ಬಿಯರ್ ಮಾಡ್ತಾರೆ. ಒಳಗಿರೋದು ಯಾವುದೇ ಇರಲಿ, ಬಾಟಲಿ ತೊಳೆಯೋ ಶಾಸ್ತ್ರ ಮಾತ್ರ ಒಂದೇ.

ತೊಳೆಯೋದು ಬೇರೆ, ಕ್ರಿಮಿ ತೆಗೆಯೋದು ಬೇರೆ

ಮೊಸರಿಗೆ ಹೆಪ್ಪು ಹಾಕ್ತೀವಲ್ಲ, ಅರ್ಧ ಚಮಚ ಸಾಕು. ಪಾತ್ರೆಗೆ ಹಳೇ ಮೊಸರು ಅಂಟಿದ್ರೆ ಹೆಪ್ಪು ಹಾಕದಿದ್ರೂ ಹಾಲು ಒಡೆದು ಹುಳಿಯಾಗುತ್ತೆ. ಬಾಟಲಿಯ ತಳದ ಕಂದು ಉಂಗುರನೂ ಹಾಗೇ, ಯಾರೋ ಬಿಟ್ಟುಹೋದ ಹೆಪ್ಪು. ಅದರಲ್ಲಿ ಕಾಡು ಯೀಸ್ಟ್ ಇರಬಹುದು, ಹುಳಿ ಮಾಡೋ ಲ್ಯಾಕ್ಟೋಬ್ಯಾಸಿಲಸ್ ಇರಬಹುದು, ವಿನೆಗರ್ ಮಾಡೋ ಅಸಿಟೋಬ್ಯಾಕ್ಟರ್ ಇರಬಹುದು. ಸಕ್ಕರೆ ನೀರು ಸಿಕ್ಕಿದ ಕೂಡಲೇ ಅವು ಕೆಲಸ ಶುರು ಮಾಡ್ತವೆ.

ಇದು ನಮ್ಮ ಸುತ್ತಮುತ್ತಲಿನ ಈಚಲು, ತಾಳೆ ಮರದವರಿಗೆ ಎಂದಿನಿಂದಲೋ ಗೊತ್ತಿರೋ ವಿಷಯ. ಮರಕ್ಕೆ ಕಟ್ಟಿದ ಮಡಕೆಯಲ್ಲಿ ನಿನ್ನೆಯ ಕಳ್ಳಿನ ಪಸೆ ಇದ್ರೆ ಇವತ್ತಿನ ರಸ ಕೆಳಗಿಳಿಯೋ ಹೊತ್ತಿಗೇ ಕಳ್ಳಾಗಿರುತ್ತೆ. ನೀರಾ ಬೇಕಾದ್ರೆ ಮಡಕೆ ತೊಳೆದು ಒಳಗೆ ಸುಣ್ಣ ಬಳೀತಾರೆ. ಸುಣ್ಣದ ಕ್ಷಾರಕ್ಕೆ ಯೀಸ್ಟ್ ತಲೆ ಎತ್ತಲ್ಲ. ಮರ ಒಂದೇ, ರಸ ಒಂದೇ. ಅದು ನೀರಾ ಆಗಬೇಕೋ ಕಳ್ಳಾಗಬೇಕೋ ಅನ್ನೋದನ್ನ ಪಾತ್ರೆ ತೀರ್ಮಾನಿಸುತ್ತೆ. ಇಂಥ ಕ್ರಿಮಿಗಳೇ ಬಿಯರ್ ಕೆಡಿಸ್ತವೆ ಅನ್ನೋದನ್ನ ಲೂಯಿ ಪ್ಯಾಶ್ಚರ್ 1876ರಲ್ಲಿ ಬಿಯರ್ ಬಗ್ಗೆಯೇ ಒಂದು ಪುಸ್ತಕ ಬರೆದು ವಿವರಿಸಿದ.

ಇಲ್ಲಿ ನೆನಪಿಡಬೇಕಾದ್ದು ಒಂದು. ಕ್ರಿಮಿನಾಶಕ ಮೇಲ್ಮೈಯಲ್ಲಿರೋದನ್ನ ಮಾತ್ರ ಕೊಲ್ಲುತ್ತೆ, ಕೊಳೆಯ ಪದರದ ಅಡಿಗೆ ಸರಿಯಾಗಿ ಇಳಿಯಲ್ಲ. ಬ್ಲೀಚ್ ಅಂತೂ ಕೊಳೆಯ ಜೊತೆ ಕಾದಾಡಿಯೇ ತನ್ನ ಶಕ್ತಿ ಕಳ್ಕೊಳ್ಳುತ್ತೆ. ಆದ್ದರಿಂದ ಮೊದಲು ತೊಳೀಬೇಕು, ಆಮೇಲೆ ಕ್ರಿಮಿ ತೆಗೀಬೇಕು. ಒಂದು ಬಿಟ್ಟು ಇನ್ನೊಂದು ಮಾಡಿದ್ರೆ ಎರಡೂ ವ್ಯರ್ಥ.

ಬಾಟಲಿ ಆರಿಸೋದು

ನಮ್ಮ ಗಲ್ಲಿಯಲ್ಲಿ "ಪಾತ ಸಾಮಾನ್ಲೂ" ಅಂತ ಕೂಗ್ತಾ ತಳ್ಳುಗಾಡಿಯವರು ಬರ್ತಾರೆ, ಅವರ ಹತ್ತಿರ ಖಾಲಿ ಬಾಟಲಿ ಸಿಗುತ್ತೆ. ತಗೊಳ್ಳೋ ಮುಂಚೆ ಮೂಸಿ ನೋಡಿ. ಫಿನೈಲ್, ಸೀಮೆಎಣ್ಣೆ, ಆ್ಯಸಿಡ್ ವಾಸನೆ ಒಂದಿಷ್ಟು ಬಂದ್ರೂ ವಾಪಸ್ ಕೊಡಿ, ತೊಳೆದು ನೋಡೋಣ ಅನ್ನೋ ಆಸೆ ಬೇಡ. ಬಾಯಿಯ ಅಂಚಿನ ಮೇಲೆ ಬೆರಳಾಡಿಸಿ, ಚಕ್ಕೆ ಎದ್ದಿದ್ರೆ ಮುಚ್ಚಳ ಕೂರಲ್ಲ. ಬೆಳಕಿಗೆ ಹಿಡಿದು ತಿರುಗಿಸಿ, ಕೂದಲೆಳೆಯಷ್ಟು ಬಿರುಕು ಕಂಡ್ರೂ ಬೇಡ. ಜ್ಯೂಸ್, ಸಾಸ್ ಬಾಟಲಿಗಳ ಗಾಜು ಗ್ಯಾಸಿನ ಒತ್ತಡಕ್ಕೆ ಮಾಡಿದ್ದಲ್ಲ. ಬಿಯರ್ ಅಥವಾ ಸೋಡಾ ಬಾಟಲಿಯೇ ಆಗಬೇಕು. ಗೋಲಿ ಸೋಡಾ ಬಾಟಲಿ ನೋಡೋಕೆ ಚೆಂದ, ಆದ್ರೆ ಗೋಲಿ ಕೂತಿರೋ ಕತ್ತಿನೊಳಗೆ ಬ್ರಷ್ ಹೋಗಲ್ಲ. ಮನೆಗೆ ಅದು ಬೇಡ.

ತೊಳೆಯೋ ಕೆಲಸ

ಅಂಗಡಿಯಲ್ಲಿ ಸಿಗೋ ವಾಷಿಂಗ್ ಸೋಡಾ ತಗೊಳ್ಳಿ, ಅಡುಗೆ ಸೋಡಾ ಅಲ್ಲ. ಕೈಗೆ ರಬ್ಬರ್ ಗ್ಲೌಸ್ ಹಾಕ್ಕೊಳ್ಳಿ. ಒಂದು ಬಕೆಟ್ ಬಿಸಿನೀರಿಗೆ ಒಂದು ಹಿಡಿ ಹಾಕಿ, ಬಾಟಲಿ ಪೂರ್ತಿ ಮುಳುಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಲೇಬಲ್ ತಾನಾಗೇ ಬಿಟ್ಟಿರುತ್ತೆ, ಒಳಗಿನ ಕೊಳೆ ಮೆತ್ತಗಾಗಿರುತ್ತೆ. ಉದ್ದ ಹಿಡಿಕೆಯ ಬಾಟಲಿ ಬ್ರಷ್‌ನಿಂದ ತಳ, ಭುಜ, ಕತ್ತು ಮೂರೂ ಕಡೆ ಉಜ್ಜಿ. ಬ್ರಷ್ ಮುಟ್ಟದ ಮೂಲೆಗೆ ನಮ್ಮ ಅವ್ವನ ಉಪಾಯ ಇದೆ: ಒಂದು ಮುಷ್ಟಿ ಅಕ್ಕಿ, ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕೋದು. ಪಾತ್ರೆ ತೊಳೆಯೋ ಸುವಾಸನೆ ಸೋಪು ಆದಷ್ಟು ಬೇಡ. ಅದರ ಪಸೆ ಉಳಿದ್ರೆ ಬಿಯರಿನ ನೊರೆ ನಿಲ್ಲಲ್ಲ, ಸೋಡಾಗೆ ವಾಸನೆ ಹತ್ತುತ್ತೆ.

ದೊಡ್ಡ ಬಿಯರ್ ಕಾರ್ಖಾನೆಗಳಲ್ಲೂ ವಾಪಸ್ ಬಂದ ಬಾಟಲಿಗೆ ಇದೇ ದಾರಿ, ಮೊದಲು ಬಿಸಿ ಕ್ಷಾರದ ನೀರು. ಆದ್ರೆ ಅಲ್ಲಿ ಯಂತ್ರದಲ್ಲಿ ಬಳಸೋದು ಕಾಸ್ಟಿಕ್ ಸೋಡಾ. ಚರ್ಮ, ಕಣ್ಣು ಸುಡೋ ವಸ್ತು ಅದು. ಮನೇಲಿ ಅದನ್ನ ಮುಟ್ಟಬೇಡಿ.

ಇನ್ನು ಹೈದರಾಬಾದಿನ ನೀರು. ನಲ್ಲಿಯಲ್ಲಿ ಮಂಜೀರಾ, ಕೃಷ್ಣಾ, ಗೋದಾವರಿ ಬಂದ್ರೆ ನಿಮ್ಮ ಪುಣ್ಯ. ಅಪಾರ್ಟ್‌ಮೆಂಟಿನ ಬೋರ್ ನೀರು, ಟ್ಯಾಂಕರ್ ನೀರು ಆದ್ರೆ ಗಡಸು. ಅದಕ್ಕೆ ವಾಷಿಂಗ್ ಸೋಡಾ ಸೇರಿದಾಗ ಗಾಜಿನ ಮೇಲೆ ಸುಣ್ಣದಂಥ ಬಿಳಿ ಪದರ ಕೂರುತ್ತೆ. ಆ ಒರಟು ಪದರ ಕ್ರಿಮಿಗಳಿಗೆ ಒಳ್ಳೇ ಅಡಗುತಾಣ. ಲೀಟರ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಕರಗಿಸಿ, ಹತ್ತು ನಿಮಿಷ ಬಿಟ್ಟು ತೊಳೆದ್ರೆ ಹೋಗುತ್ತೆ. ಕೊನೆಗೆ ಬಾಟಲಿ ಬಗ್ಗಿಸಿ ನೋಡಿ. ನೀರು ಹಾಳೆಯ ಹಾಗೆ ಸಮವಾಗಿ ಇಳಿದ್ರೆ ಶುದ್ಧ. ಹನಿಹನಿಯಾಗಿ ಅಲ್ಲಲ್ಲಿ ನಿಂತ್ರೆ ಜಿಡ್ಡೋ ಕೊಳೆಯೋ ಇನ್ನೂ ಇದೆ ಅಂತ ಅರ್ಥ.

ಕ್ರಿಮಿ ತೆಗೆಯೋಕೆ ಮೂರು ದಾರಿ

ಒಂದು, ಕುದಿಸೋದು. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿ ಇಟ್ಟು, ತಣ್ಣೀರು ತುಂಬಿಸಿ, ಆಮೇಲೆ ಒಲೆ ಹಚ್ಚಿ. ನೀರಿನ ಜೊತೆಗೇ ಬಾಟಲಿ ಕಾಯಬೇಕು, ನೀರಿನ ಜೊತೆಗೇ ಆರಬೇಕು. ಕುದಿ ಬಂದ ಮೇಲೆ ಹತ್ತು ನಿಮಿಷ ಸಾಕು. ನಾನು ಮಾಡಿದ ಹಾಗೆ ತಣ್ಣನೆ ಗಾಜಿಗೆ ಕುದಿನೀರು ಸುರೀಬೇಡಿ. ಆಗಲೇ ಸೀಳದಿದ್ರೂ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಒತ್ತಡ ಬಂದಾಗ ಅಲ್ಲಿಂದಲೇ ಒಡೆಯಬಹುದು. ಪ್ಲಾಸ್ಟಿಕ್ ಬಾಟಲಿಯನ್ನಂತೂ ಕುದಿಸೋ ಹಾಗಿಲ್ಲ, ಮುದುಡಿ ಹೋಗುತ್ತೆ.

ಎರಡು, ಬ್ಲೀಚ್. ಸುವಾಸನೆ ಸೇರಿಸದ, ಶೇಕಡಾ 4ರಿಂದ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರೋ ದ್ರವ. ಒಂದು ಲೀಟರ್ ತಣ್ಣೀರಿಗೆ 5 ಮಿಲಿ, ಅಂದ್ರೆ ಒಂದು ಟೀ ಚಮಚ. 20 ನಿಮಿಷ ಮುಳುಗಿಸಿಟ್ಟು, ಕುದಿಸಿ ಆರಿಸಿದ ನೀರಲ್ಲಿ ಎರಡು ಮೂರು ಸಲ ತೊಳೀರಿ. ನಲ್ಲಿ ನೀರಲ್ಲೇ ತೊಳೆದ್ರೆ ತೆಗೆದ ಕ್ರಿಮಿಯನ್ನ ಮತ್ತೆ ಕರೆದ ಹಾಗೆ. ಹಳೇ ಬ್ಲೀಚ್, ಬಿಸಿಲಲ್ಲಿಟ್ಟ ಬ್ಲೀಚ್ ಶಕ್ತಿ ಕಳ್ಕೊಂಡಿರುತ್ತೆ, ತಯಾರಾದ ತಾರೀಖು ನೋಡಿ ತಗೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ. ಬ್ಲೀಚ್ ಜೊತೆ ನಿಂಬೆ ಉಪ್ಪು, ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಬೆರೆಸಬೇಡಿ. ಆಮ್ಲ ಸೇರಿದ ತಕ್ಷಣ ಕ್ಲೋರಿನ್ ಅನಿಲ ಏಳುತ್ತೆ, ಬಾಗಿಲು ಹಾಕಿದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ. ನಿಂಬೆ ಉಪ್ಪಿನ ನೀರು ಪೂರ್ತಿ ತೊಳೆದು ಹೋದ ಮೇಲಷ್ಟೇ ಬ್ಲೀಚ್ ಮುಟ್ಟಿ. ಕಿಟಕಿ ತೆರೆದಿರಲಿ.

ಮೂರು, ತೊಳೆಯಬೇಕಿಲ್ಲದ ಆಮ್ಲ. ಹೊರದೇಶದಲ್ಲಿ ಬಿಯರ್ ಮಾಡೋರು ಹೆಚ್ಚಾಗಿ ಬಳಸೋದು ಸ್ಟಾರ್ ಸ್ಯಾನ್. ಫಾಸ್ಫಾರಿಕ್ ಆಮ್ಲ ಆಧಾರದ ದ್ರಾವಣ, ಲೀಟರಿಗೆ ಸುಮಾರು 1.6 ಮಿಲಿ. ಒಂದೆರಡು ನಿಮಿಷ ಒದ್ದೆಯಾಗಿದ್ರೆ ಸಾಕು, ನೊರೆ ಉಳಿದ್ರೂ ಪರವಾಗಿಲ್ಲ. ಆದ್ರೆ ಗಡಸು ನೀರಲ್ಲಿ ಕಲಸಿದ್ರೆ ಮೋಡದ ಹಾಗೆ ಕದಡುತ್ತೆ, ಬೇಗ ಬಲ ಕುಂದುತ್ತೆ. ಇದಕ್ಕೆ ಫಿಲ್ಟರ್ ನೀರೇ ಆಗಬೇಕು.

ಈ ಮೂರರಲ್ಲಿ ಯಾವುದಾದರೂ ಒಂದು ಸಾಕು. ಕ್ರಿಮಿ ತೆಗೆದ ಬಾಟಲಿ ಅಂದ್ರೆ ಮಡಿಯಲ್ಲಿರೋ ಬಾಟಲಿ. ನಮ್ಮ ಅವ್ವ ಉಪ್ಪಿನಕಾಯಿ ಭರಣಿ ತೊಳೆದು, ಬಿಸಿಲಿಗಿಟ್ಟು, ಆಮೇಲೆ ಯಾರನ್ನೂ ಮುಟ್ಟಗೊಡ್ತಿರಲಿಲ್ಲ. ಆಗ ನಗ್ತಿದ್ವಿ, ಈಗ ಅರ್ಥ ಆಗ್ತಿದೆ. ಒಳಗೆ ಬಟ್ಟೆ ಹಾಕಿ ಒರೆಸಬೇಡಿ, ಬೋರಲು ಹಾಕಿ ನೀರಿಳಿಸಿ, ಹೆಚ್ಚು ಹೊತ್ತು ಬಿಡದೆ ತುಂಬಿ. ಲಾಳಿಕೆ, ಪೈಪು, ಮುಚ್ಚಳ, ರಬ್ಬರ್ ವಾಷರ್, ಸೋಡಾ ಮುಟ್ಟೋ ಪ್ರತಿಯೊಂದಕ್ಕೂ ಇದೇ ನಿಯಮ. ಲೋಹದ ಬಿರಡೆ ಪ್ರತಿ ಸಲ ಹೊಸದೇ ಬೇಕು.

ಶುಚಿಯಿಂದಷ್ಟೇ ಬಾಟಲಿ ಉಳಿಯಲ್ಲ

ಈಗ ಲೆಕ್ಕ ನೋಡಿ. ಒಂದು ಲೀಟರ್ ಪಾನೀಯದಲ್ಲಿ 4 ಗ್ರಾಂ ಸಕ್ಕರೆ ಹುದುಗಿದ್ರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತೆ. ಸಾಮಾನ್ಯ ಬಿಯರಿನಲ್ಲಿ ಲೀಟರಿಗೆ ಎರಡೂವರೆ ಲೀಟರ್‌ನಷ್ಟು ಗ್ಯಾಸ್ ಇರುತ್ತೆ. ನಮ್ಮ ಶುಂಠಿ ಸೋಡಾದಲ್ಲಿ ಲೀಟರಿಗೆ 100 ಗ್ರಾಂ ಸಕ್ಕರೆ. ಅಷ್ಟೂ ಹುದುಗಿದ್ರೆ 25 ಲೀಟರ್ ಗ್ಯಾಸ್! ಎಷ್ಟೇ ಚೆನ್ನಾಗಿ ತೊಳೆದಿರಿ, ಯಾವ ಬಿಯರ್ ಬಾಟಲಿಯೂ ಅದನ್ನ ತಡೆಯಲ್ಲ. ಅದನ್ನ ತಡೆಯೋದು ಫ್ರಿಜ್ಜಿನ ತಂಪು ಮಾತ್ರ. ಸೆಕೆ ಇನ್ನೂ ಕೆಡುಕು. 20 ಡಿಗ್ರಿಯಲ್ಲಿದ್ದ ಬಾಟಲಿ 40 ಡಿಗ್ರಿಗೆ ಏರಿದ್ರೆ ಅಷ್ಟೇ ಗ್ಯಾಸಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ.

ಬಾರ್ಲಿ ಬಿಯರಿನಲ್ಲಿ ಕೊಳೆಯೇ ನೇರವಾಗಿ ಬಾಟಲಿ ಒಡೆಸಬಹುದು. ಸಾಮಾನ್ಯ ಯೀಸ್ಟ್ ತಿನ್ನಲಾರದ ಉದ್ದ ಸಕ್ಕರೆಗಳು ಅದರಲ್ಲಿ ಉಳಿದಿರ್ತವೆ. ಕೊಳಕು ಬಾಟಲಿಯಲ್ಲಿರೋ ಕೆಲವು ಕಾಡು ಯೀಸ್ಟ್ ಅವನ್ನೂ ತಿಂದು, ವಾರಗಟ್ಟಲೆ ಗ್ಯಾಸ್ ಮಾಡ್ತಾನೇ ಇರ್ತವೆ.

ಹಾಗಾಗಿ ಈಗ ನಾನು ಪಾಲಿಸೋ ಕ್ರಮ ಇದು. ಪ್ರತಿ ಸಲ ಒಂದು ಸಣ್ಣ ಪ್ಲಾಸ್ಟಿಕ್ ಸೋಡಾ ಬಾಟಲಿಗೂ ಅದೇ ಪಾನೀಯ ತುಂಬ್ತೀನಿ. ದಿನಕ್ಕೆರಡು ಸಲ ಒತ್ತಿ ನೋಡ್ತೀನಿ. ಅದು ಗಟ್ಟಿಯಾದ ಕೂಡಲೇ ಎಲ್ಲಾ ಬಾಟಲಿ ಫ್ರಿಜ್ಜಿಗೆ. ಗಾಜಿನವು ಅಲ್ಲೀವರೆಗೆ ಮುಚ್ಚಳ ಇರೋ ಡಬ್ಬದೊಳಗೆ, ಮಕ್ಕಳ ಕೈಗೆ ಸಿಗದ ಕಡೆ. ಮನೇಲಿ ಚಿಕ್ಕ ಮಕ್ಕಳಿದ್ರೆ ಗಾಜು ಬಿಟ್ಟು ಪೂರ್ತಿ ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲೇ ಮಾಡಿ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಕೊನೆಗೆ ಎಲ್ಲಕ್ಕಿಂತ ಸುಲಭದ ಕೆಲಸ ಹೇಳ್ತೀನಿ. ಕುಡಿದು ಮುಗಿಸಿದ ಕೂಡಲೇ ಬಾಟಲಿಯನ್ನ ಮೂರು ಸಲ ನೀರು ಹಾಕಿ ಕುಲುಕಿ, ಬೋರಲು ಹಾಕಿಬಿಡಿ. ಅರ್ಧ ನಿಮಿಷದ ಕೆಲಸ. ನಾಳೆ ಮಾಡ್ತೀನಿ ಅಂತ ಬಿಟ್ಟ ಬಾಟಲಿಯಲ್ಲೇ ಉಂಗುರ ಕೂರೋದು.

ಕಪಾಟಿನ ಮೇಲಿನ ಆ ಗಾಜಿನ ಗುರುತು ಇನ್ನೂ ಹಾಗೇ ಇದೆ. ಬಣ್ಣ ಹೊಡೆಸೋಣ ಅಂದೆ. ನನ್ನಾಕೆ ಬೇಡ ಅಂದ್ಲು, "ನೋಡ್ಕೋತಾ ಇರ್ರೀ" ಅಂತ. ನೋಡ್ಕೋತಾ ಇದ್ದೀನಿ.