ಸರಿಪಡಿಸಿದ ದೋಷ ಫೋನ್‌ನಲ್ಲೇ ಉಳಿದಿದ್ದು ಹೇಗೆ? ಕೋಡ್ ‘ಸಿಂಕ್’ ಎಂಬ ತಲೆನೋವಿನ ಕಥೆ

2019ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಭದ್ರತಾ ಸಂಶೋಧನಾ ತಂಡ ‘ಪ್ರಾಜೆಕ್ಟ್ ಝೀರೋ’ ಆಂಡ್ರಾಯ್ಡ್ ಫೋನ್‌ಗಳಲ್ಲಿದ್ದ ಗಂಭೀರ ದೋಷವೊಂದನ್ನು ಬಹಿರಂಗಪಡಿಸಿತು. ಗೂಗಲ್‌ನದೇ ಪಿಕ್ಸೆಲ್ 2 ಸೇರಿದಂತೆ ಸ್ಯಾಮ್‌ಸಂಗ್, ಶವೋಮಿ, ಒಪ್ಪೋ ಕಂಪನಿಗಳ ಕೆಲವು ಮಾದರಿಗಳೂ ಪಟ್ಟಿಯಲ್ಲಿದ್ದವು. ಸಿವಿಇ-2019-2215 ಎಂದು ಗುರುತಿಸಲಾದ ಈ ದೋಷವನ್ನು ದಾಳಿಕೋರರು ಆಗಲೇ ಬಳಸುತ್ತಿದ್ದಾರೆ ಎಂಬ ಮಾಹಿತಿಯೂ ತಂಡಕ್ಕಿತ್ತು.

ವಿಚಿತ್ರವೆಂದರೆ, ಅದು ಹೊಸ ದೋಷವೇ ಆಗಿರಲಿಲ್ಲ. ಆಂಡ್ರಾಯ್ಡ್‌ಗೆ ಬುನಾದಿಯಾದ ಲಿನಕ್ಸ್ ಕರ್ನಲ್‌ನಲ್ಲಿ 2018ರ ಆರಂಭದಲ್ಲೇ ಅದನ್ನು ಸರಿಪಡಿಸಲಾಗಿತ್ತು. ಆ ತಿದ್ದುಪಡಿ ಜನರ ಕೈಯಲ್ಲಿದ್ದ ಫೋನ್‌ಗಳಿಗೆ ತಲುಪಿರಲಿಲ್ಲ, ಅಷ್ಟೇ.

ಏನಿದು ಅಪ್‌ಸ್ಟ್ರೀಮ್?

ಹೊಳೆಯ ಮೇಲ್ಭಾಗದಿಂದ ನೀರು ಕೆಳಕ್ಕೆ ಹರಿಯುವಂತೆ ಕೋಡ್ ಕೂಡ ಮೂಲ ಯೋಜನೆಯಿಂದ ಕೆಳಗಿನವರಿಗೆ ಹರಿದುಬರುತ್ತದೆ. ಆ ಮೂಲವೇ ಅಪ್‌ಸ್ಟ್ರೀಮ್. ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಸುಮಾರು 9ರಿಂದ 10 ವಾರಗಳಿಗೊಮ್ಮೆ ಬರುತ್ತದೆ. ಗೂಗಲ್ ಅದನ್ನು ಪಡೆದು ಆಂಡ್ರಾಯ್ಡ್‌ಗೆ ಬೇಕಾದ ಬದಲಾವಣೆ ಸೇರಿಸುತ್ತದೆ. ಅದರ ಮೇಲೆ ಚಿಪ್ ತಯಾರಕರು, ಕೊನೆಗೆ ಫೋನ್ ಕಂಪನಿಗಳು ತಮ್ಮ ಕೋಡ್ ಸೇರಿಸುತ್ತವೆ. ಹೀಗೆ ಸೇರಿದ ಹೊರಗಿನ ಕೋಡ್, ಸಾಧನದಲ್ಲಿ ಓಡುವ ಕೋಡ್‌ನ ಶೇ. 50ರಷ್ಟೂ ಆಗಬಹುದು ಎಂದು ಗೂಗಲ್‌ನ ದಾಖಲೆಗಳೇ ಹೇಳುತ್ತವೆ. ಸ್ವಂತ ಬದಲಾವಣೆ ಹೆಚ್ಚಿದಷ್ಟೂ ಮೇಲಿನಿಂದ ಬಂದ ತಿದ್ದುಪಡಿಯನ್ನು ಕೂಡಿಸುವುದು ಕಷ್ಟ. ಕಷ್ಟವಾದ ಕೆಲಸವನ್ನು ಎಲ್ಲರೂ ಮುಂದೂಡುತ್ತಾರೆ!

ಮರ್ಜ್ ಅಥವಾ ರಿಬೇಸ್?

ಇಬ್ಬರು ಇರುವ ಸಣ್ಣ ತಂಡದಲ್ಲೂ ಸಮಸ್ಯೆ ಇದೇ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ. ‘ಮರ್ಜ್’ ಮಾಡಿದರೆ ಎರಡೂ ಕಡೆಯ ಇತಿಹಾಸ ಇದ್ದಂತೆಯೇ ಉಳಿದು, ಅವನ್ನು ಕೂಡಿಸುವ ಒಂದು ಹೊಸ ಕಮಿಟ್ ಸೇರುತ್ತದೆ. ‘ರಿಬೇಸ್’ ನಿಮ್ಮ ಬದಲಾವಣೆಗಳನ್ನು ಕಳಚಿಟ್ಟು, ಮೂಲದ ಹೊಸ ಕೋಡ್ ಮೇಲೆ ಒಂದೊಂದಾಗಿ ಮತ್ತೆ ಕೂರಿಸುತ್ತದೆ. ಮೂಲಕ್ಕಿಂತ ತಮ್ಮದು ಎಷ್ಟು ಭಿನ್ನ ಎಂಬುದು ಸದಾ ಕಣ್ಣೆದುರು ಇರಬೇಕೆಂದರೆ ರಿಬೇಸ್ ವಾಸಿ. ಆದರೆ ಅದು ಇತಿಹಾಸವನ್ನೇ ಹೊಸದಾಗಿ ಬರೆಯುತ್ತದೆ. ಹಲವರು ಹಂಚಿಕೊಂಡಿರುವ ಬ್ರಾಂಚ್‌ನಲ್ಲಿ ಹೇಳದೆ ಕೇಳದೆ ರಿಬೇಸ್ ಮಾಡಿದರೆ ಸಹೋದ್ಯೋಗಿಗಳ ಕೆಲಸ ಗೊಂದಲಕ್ಕೆ ಬೀಳುತ್ತದೆ. ಅಲ್ಲಿ ಮರ್ಜ್ ಸುರಕ್ಷಿತ.

ಯಾವ ದಾರಿ ಹಿಡಿದರೂ ಎರಡೂ ಕಡೆಯವರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ‘ಕಾನ್‌ಫ್ಲಿಕ್ಟ್’ ತಪ್ಪಿದ್ದಲ್ಲ. ವಾರಕ್ಕೊಮ್ಮೆ ಸಿಂಕ್ ಮಾಡುವವರಿಗೆ ಎದುರಾಗುವುದು ಬೆರಳೆಣಿಕೆಯ ಸಾಲುಗಳು. ವರ್ಷ ಕಾದವರು, ಆ ಸಾಲು ಏಕೆ ಬದಲಾಯಿತು ಎಂಬುದನ್ನೂ ಹುಡುಕಬೇಕು. ಒಮ್ಮೆ ಬಿಡಿಸಿದ ಕಗ್ಗಂಟು ರಿಬೇಸ್‌ನಲ್ಲಿ ಮತ್ತೆ ಮತ್ತೆ ಎದುರಾಗುವುದುಂಟು. ಗಿಟ್‌ನ ‘ರೆರೆರೆ’ ಸೌಲಭ್ಯ ಚಾಲೂ ಇಟ್ಟರೆ ಹಿಂದಿನ ಪರಿಹಾರವನ್ನು ಅದೇ ನೆನಪಿಟ್ಟು ಬಳಸುತ್ತದೆ. ಹೆಸರು ತಮಾಷೆಯಾಗಿದ್ದರೂ ಉಳಿಸುವ ಸಮಯ ಸಣ್ಣದಲ್ಲ.

ಗಿಟ್ ಸುಮ್ಮನಿದ್ದರೆ ಎಲ್ಲ ಸರಿಯೇ?

ಇಲ್ಲ. ಮೂಲದಲ್ಲಿ ಒಂದು ಫಂಕ್ಷನ್ ಇದುವರೆಗೆ ಸೆಕೆಂಡ್ ಲೆಕ್ಕದಲ್ಲಿ ಕೊಡುತ್ತಿದ್ದ ಉತ್ತರವನ್ನು ಮಿಲಿಸೆಕೆಂಡ್‌ನಲ್ಲಿ ಕೊಡಲು ಶುರು ಮಾಡಿದೆ ಎಂದುಕೊಳ್ಳಿ. ಅದನ್ನು ಬಳಸುವ ನಿಮ್ಮ ಕೋಡ್ ಬೇರೆ ಫೈಲ್‌ನಲ್ಲಿದೆ. ಗಿಟ್ ನೋಡುವುದು ಸಾಲುಗಳನ್ನು, ಅರ್ಥವನ್ನಲ್ಲ. ಹಾಗಾಗಿ ಕಾನ್‌ಫ್ಲಿಕ್ಟ್ ತೋರಿಸದೆಯೇ ಕೂಡಿಸಿಬಿಡುತ್ತದೆ, ಪ್ರೋಗ್ರಾಂ ಮಾತ್ರ ತಪ್ಪು ಲೆಕ್ಕ ಕೊಡುತ್ತದೆ. ಪ್ರತಿ ಸಿಂಕ್ ನಂತರ ಟೆಸ್ಟ್ ಓಡಿಸಬೇಕೆನ್ನುವುದು ಇದಕ್ಕೇ.

ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ನಿಮ್ಮ ಬದಲಾವಣೆಯನ್ನು ಮೂಲ ಯೋಜನೆಗೇ ಕಳುಹಿಸುವುದು. ಅಲ್ಲಿ ಪರಿಶೀಲನೆ, ಚರ್ಚೆ ಎಂದು ತಡವಾಗಬಹುದು, ತಿರಸ್ಕಾರವೂ ಆಗಬಹುದು. ಒಪ್ಪಿಗೆಯಾದರೆ ಆ ಕೋಡ್ ಹೊರುವ ಭಾರ ನಿಮ್ಮ ಹೆಗಲಿಂದ ಇಳಿಯುತ್ತದೆ. ಸಂಸ್ಥೆಯ ರಹಸ್ಯವಿರುವ ಭಾಗವನ್ನು ಕಳುಹಿಸಲಾಗದು. ಅದನ್ನು ಮೂಲ ಫೈಲ್‌ಗಳಲ್ಲಿ ಬೆರೆಸುವ ಬದಲು ಪ್ಲಗಿನ್‌ನಂತೆ ಪ್ರತ್ಯೇಕವಾಗಿಟ್ಟರೆ ಘರ್ಷಣೆ ಕಡಿಮೆ.

ಆಂಡ್ರಾಯ್ಡ್ ಹಿಡಿದ ದಾರಿಯೂ ಬಹುಮಟ್ಟಿಗೆ ಇದೇ. ಹೊಸ ಕರ್ನಲ್ ಕೋಡ್ ಮೊದಲು ಲಿನಕ್ಸ್‌ಗೆ ಹೋಗಲಿ ಎಂಬ ‘ಅಪ್‌ಸ್ಟ್ರೀಮ್ ಫಸ್ಟ್’ ನೀತಿಗೆ ಗೂಗಲ್ ಒತ್ತು ಕೊಟ್ಟಿದೆ. ಆಂಡ್ರಾಯ್ಡ್ 12 ಅಥವಾ ನಂತರದ ಆವೃತ್ತಿಯೊಂದಿಗೆ, 5.10 ಅಥವಾ ಹೊಸ ಕರ್ನಲ್ ಇಟ್ಟುಕೊಂಡು ಮಾರುಕಟ್ಟೆಗೆ ಬರುವ ಸಾಧನಗಳಲ್ಲಿ ಜಿಕೆಐ ಎಂಬ ಸಾಮಾನ್ಯ ಕರ್ನಲ್ ಕಡ್ಡಾಯ. ಚಿಪ್ ಮತ್ತು ಫೋನ್ ತಯಾರಕರ ಕೋಡ್ ಇನ್ನು ಅದರೊಳಗೆ ಬೆರೆಯುವಂತಿಲ್ಲ, ಪ್ರತ್ಯೇಕ ಮಾಡ್ಯೂಲ್‌ಗಳಾಗಿಯೇ ಇರಬೇಕು.