ವ್ಯಾನಿಗೆ ಬಂದ ಕಾರಿನ ಎಂಜಿನ್ನು

ಒಂದೇ ಎಂಜಿನ್ನು ಒಂದು ವಾಹನದಲ್ಲಿ ದೀರ್ಘಾಯುವೂ ಇನ್ನೊಂದರಲ್ಲಿ ರೋಗಿಯೂ ಆಗುವುದುಂಟೆ? ಜರ್ಮನಿಯ ಫೋಕ್ಸ್‌ವಾಗನ್ ಕಂಪೆನಿಯ 1.6 ಲೀಟರಿನ ಡೀಸೆಲ್ ಎಂಜಿನ್ನು ಇದಕ್ಕೊಂದು ನಿದರ್ಶನ. ಗಾಲ್ಫ್ ಎಂಬ ಪುಟ್ಟ ಕಾರನ್ನು ಎಳೆಯುತ್ತಿದ್ದ ಅದನ್ನು 1981ರಲ್ಲಿ ಮೂರನೆಯ ತಲೆಮಾರಿನ ಟ್ರಾನ್ಸ್‌ಪೋರ್ಟರ್ ವ್ಯಾನಿಗೂ ಕೂಡಿಸಲಾಯಿತು. ಕಾರಿನಲ್ಲಿ ಬಾಳಿಕೆಗೆ ಹೆಸರಾದದ್ದು ವ್ಯಾನಿನಲ್ಲಿ ತಾಪದಿಂದ ನರಳತೊಡಗಿತು.

ಎಂಜಿನ್ನಿನ ಸಿಲಿಂಡರುಗಳು ನಾಲ್ಕು. ಒಂದೊಂದರ ಒಳವ್ಯಾಸ 76.5 ಮಿಲಿಮೀಟರು, ಪಿಸ್ಟನ್ನಿನ ಓಟ 86.4 ಮಿಲಿಮೀಟರು. ಲೆಕ್ಕ ಹಾಕಿದರೆ ಒಟ್ಟು ಗಾತ್ರ 1588 ಘನ ಸೆಂಟಿಮೀಟರು ಎಂದು ವಾಚಕರೇ ಕಂಡುಕೊಳ್ಳಬಹುದು. ನಿಮಿಷಕ್ಕೆ 4200 ಸುತ್ತು ತಿರುಗುವಾಗ ಅದರ ಶಕ್ತಿ 50 ಅಶ್ವಸಾಮರ್ಥ್ಯ. ಒಳಗೆಳೆದುಕೊಂಡ ಗಾಳಿಯನ್ನು ಇಪ್ಪತ್ತಮೂರರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ಬಹಳ ಕಾಯುವುದು. ಸಿಂಪಡಿಸಿದ ತೈಲವು ಆ ಶಾಖಕ್ಕೇ ಹೊತ್ತಿಕೊಳ್ಳುವುದು. ಸ್ಪಾರ್ಕ್ ಪ್ಲಗ್ಗಿನ ಅಗತ್ಯವಿಲ್ಲ. ಆದರೆ ತೈಲವು ಬೀಳುವುದು ಹೆಡ್ಡಿನಲ್ಲಿರುವ ಸಣ್ಣ ಸುಳಿಕೋಣೆಯೊಳಕ್ಕೆ. ಚಳಿಯಲ್ಲಿ ಅದರ ಗೋಡೆಗಳೇ ಶಾಖವನ್ನು ಹೀರುವುದರಿಂದ ಕೋಣೆಗೊಂದರಂತೆ ಗ್ಲೋ ಪ್ಲಗ್ಗುಗಳಿವೆ. ಅವುಗಳಲ್ಲಿ ಒಂದೆರಡು ಕೆಟ್ಟರೆ ಬೆಳಗಿನ ಹೊತ್ತು ಎಂಜಿನ್ನು ಬಿಳಿಹೊಗೆ ಕಾರುತ್ತ ಬಹಳ ಸತಾಯಿಸುವುದು. ಇದು ಸಣ್ಣ ಕಾಯಿಲೆ.

ದೊಡ್ಡದು ಬೇರೆ. ಈ ವ್ಯಾನು ಖಾಲಿಯಿದ್ದಾಗಲೇ ಸುಮಾರು ಒಂದೂವರೆ ಟನ್ನು ತೂಗುವುದು. ಅದರ ಅಗಲವಾದ ಮುಖವು ಗಾಳಿಗೆ ಎದೆಯೊಡ್ಡಿ ನಿಂತಿರುವುದು. ಕಾರಿನ ಚಾಲಕನು ಏರಿನಲ್ಲಿ ಕ್ಷಣಕಾಲ ಬಳಸುವ ಪೂರ್ಣಶಕ್ತಿಯನ್ನು ವ್ಯಾನಿನವನು ಗಂಟೆಗಟ್ಟಲೆ ಬಳಸಲೇಬೇಕು. ಆ ಶಾಖವನ್ನು ತಡೆಯಬೇಕಾದ ಹೆಡ್ಡು ಅಲ್ಯೂಮಿನಿಯಮಿನದು, ಕೆಳಗಿನ ಬ್ಲಾಕು ಬೀಡುಕಬ್ಬಿಣದ್ದು. ಕಾದಾಗ ಅಲ್ಯೂಮಿನಿಯಮ್ಮು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುವುದು. ಇವೆರಡರ ನಡುವೆ ಸಿಕ್ಕಿದ ಗ್ಯಾಸ್ಕೆಟ್ಟಿನ ಪಾಡನ್ನು ಊಹಿಸಿಕೊಳ್ಳಬಹುದು! ಎರಡು ಕವಾಟಗಳ ನಡುವಿನ ಕಿರಿದಾದ ಲೋಹದಲ್ಲಿ ಬಿರುಕುಗಳೂ ಮೂಡುತ್ತವೆ. ಅರ್ಧ ಮಿಲಿಮೀಟರಿನವರೆಗಿನ ಬಿರುಕನ್ನು ತಯಾರಕರೇ ಕ್ಷಮಿಸಿದ್ದಾರೆ. ಆದ್ದರಿಂದ ಬಿರುಕು ಕಂಡೊಡನೆ ಹೆಡ್ಡನ್ನು ಎಸೆಯುವುದು ಅವಸರವೇ ಸರಿ. ತಣ್ಣನೆಯ ಎಂಜಿನ್ನನ್ನು ಹೊರಡಿಸಿದ ಕೂಡಲೇ ನೀರಿನ ರಬ್ಬರು ಕೊಳವೆಗಳು ಬಿಗಿಯಾದರೆ ಅನಿಲವು ನೀರಿಗೆ ನುಗ್ಗುತ್ತಿದೆಯೆಂದು ಅನುಮಾನಿಸಬೇಕು.

ವ್ಯಾನಿನ ರಚನೆಯೂ ಈ ತೊಂದರೆಗೆ ಇಂಬು ಕೊಟ್ಟಿತು. ಎಂಜಿನ್ನು 50 ಡಿಗ್ರಿ ಓರೆಯಾಗಿ ಹಿಂಭಾಗದಲ್ಲಿ ಮಲಗಿದೆ, ರೇಡಿಯೇಟರು ಮುಂಭಾಗದಲ್ಲಿದೆ. ನೀರು ನೆಲಹಾಸಿನಡಿಯ ಉದ್ದನೆಯ ಕೊಳವೆಗಳಲ್ಲಿ ಹೋಗಿಬರಬೇಕು. ಎಲ್ಲಾದರೂ ಗಾಳಿ ಸೇರಿಕೊಂಡಿತೋ, ಹರಿವು ಕುಗ್ಗಿ ಎಂಜಿನ್ನು ಕುದಿಯುವುದು. ಹೊಸ ನೀರು ತುಂಬುವಾಗ ವಾಹನದ ಮುಂಭಾಗವನ್ನು ಎತ್ತಿ ನಿಲ್ಲಿಸಿ, ರೇಡಿಯೇಟರಿನ ಮೇಲಿನ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಬಿಡುವುದು ಇದಕ್ಕಾಗಿಯೇ.

ಹಲ್ಲುಳ್ಳ ರಬ್ಬರು ಪಟ್ಟಿಯ ಮಾತೂ ಉಂಟು. ಕವಾಟಗಳನ್ನೂ ತೈಲದ ಪಂಪನ್ನೂ ನಡೆಸುವುದು ಅದೇ. ಅದುಮುವಿಕೆ ಹೆಚ್ಚಾದುದರಿಂದ ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ತೀರ ಕಡಿಮೆ. ಪಟ್ಟಿ ಹರಿದರೆ ಕವಾಟಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಮುಂದೆ ಇದೇ ಗಾತ್ರದ ಎಂಜಿನ್ನಿಗೆ ಟರ್ಬೊ ಜೋಡಿಸಿ 70 ಅಶ್ವಸಾಮರ್ಥ್ಯ ಪಡೆದರು. ಇಂದು ಹಳೆಯ ವ್ಯಾನುಗಳನ್ನು ಉಳಿಸಿಕೊಂಡಿರುವ ಹಲವರು 1.9 ಲೀಟರಿನ ಎಂಜಿನ್ನನ್ನು ಕೂಡಿಸಿಕೊಳ್ಳುತ್ತಾರೆ. ಆದರೆ ನೆಲದಡಿಯ ಕೊಳವೆಗಳು ತುಕ್ಕುಹಿಡಿದ ಹಳೆಯವೇ ಆಗಿದ್ದರೆ ಹೊಸ ಎಂಜಿನ್ನೂ ಕುದಿಯದೆ ಇರದು.