ನಾಲ್ಕು ಹನಿ ನೀರಿನ ಲೆಕ್ಕ

ವಯಸ್ಕರ ಮೆದುಳು ಮತ್ತು ಬೆನ್ನುಹುರಿಯ ಸುತ್ತ ತುಂಬಿರುವ ನೀರು ಒಟ್ಟು ಸುಮಾರು 150 ಮಿಲಿಲೀಟರ್. ದೇಹ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸ ನೀರು ತಯಾರಿಸುವುದರಿಂದ, ಬೆಳಗಿನಿಂದ ಬೆಳಗಿಗೆ ಅದು ಮೂರು ಬಾರಿಗೂ ಹೆಚ್ಚು ಬದಲಾಗುತ್ತದೆ. ಮೆದುಳಿನ ಪೊರೆಗೆ ಸೋಂಕು ತಗಲಿದರೆ ಮೆನಿಂಜೈಟಿಸ್, ಮೆದುಳಿಗೇ ಉರಿಯೂತ ಬಂದರೆ ಎನ್ಸೆಫಲೈಟಿಸ್. ನಮ್ಮೂರುಗಳಲ್ಲಿ ಎರಡಕ್ಕೂ ಮೆದುಳು ಜ್ವರವೆಂದೇ ಹೆಸರು. ಯಾವ ಜೀವಿ ಒಳಗೆ ಹೊಕ್ಕಿದೆಯೆಂದು ಹೇಳಲು ಇವತ್ತಿನ ಯಂತ್ರಕ್ಕೆ ಬೇಕಾದದ್ದು ಆ ನೀರಿನಲ್ಲಿ 0.2 ಮಿಲಿಲೀಟರ್. ನಾಲ್ಕೇ ಹನಿ. ಉತ್ತರ ಬರುವುದು ಸುಮಾರು ಒಂದು ಗಂಟೆಯಲ್ಲಿ.

ನಾಲ್ಕು ಹನಿಯಲ್ಲಿ ವೈರಾಣುವಿನ ವಂಶವಾಹಿ ತುಣುಕುಗಳು ಬೆರಳೆಣಿಕೆಯಷ್ಟೇ ಇರಬಹುದು. ಹುಡುಕುವ ಬದಲು ಯಂತ್ರ ಅವನ್ನು ಹೆಚ್ಚಿಸುತ್ತದೆ. ಬಿಸಿ ಮಾಡಿ ಎಳೆ ಬಿಡಿಸುತ್ತದೆ, ತಣಿಸಿ ಪ್ರತಿ ಮಾಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಹೊಳೆದ ಪಿಸಿಆರ್ ಇದೇ. ಹತ್ತು ವರ್ಷದಲ್ಲಿ ನೊಬೆಲ್ ಬಂತು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಒಂದೇ ತುಣುಕಿನಿಂದ ಹೊರಟರೆ 19ನೇ ಸುತ್ತಿಗೆ 5,24,288. ಬೈಂದೂರು ಬೇರೆಯಾಗುವ ಮುಂಚಿನ ಕುಂದಾಪುರ ತಾಲೂಕಿನ ಜನ ಸುಮಾರು ನಾಲ್ಕು ಲಕ್ಷ, ಅದನ್ನು ದಾಟಿತು. 2011ರ ಜನಗಣತಿಯಲ್ಲಿ ಇಡೀ ಉಡುಪಿ ಜಿಲ್ಲೆಯ ಲೆಕ್ಕ 11,77,361. 21ನೇ ಸುತ್ತು ಅದನ್ನೂ ಹಿಂದೆ ಹಾಕುತ್ತದೆ. 33ನೇ ಸುತ್ತಿಗೆ ಸುಮಾರು 859 ಕೋಟಿ: ಭೂಮಿಯ ಮೇಲಿರುವ ಮನುಷ್ಯರೆಲ್ಲರಿಗಿಂತ ಹೆಚ್ಚು. ಯಂತ್ರದೊಳಗೆ ಪ್ರತಿ ಸುತ್ತೂ ಇಷ್ಟು ಕರಾರುವಾಕ್ಕಾಗಿ ಇಮ್ಮಡಿಸುವುದಿಲ್ಲ, ನಿಜ. ಆದರೂ ಗುರುತು ಹಿಡಿಯಲು ಸಾಕು.

ಇಮ್ಮಡಿಸುವುದು ರೋಗಾಣುವಿನದೂ ಕಸುಬೇ. ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಪರಿಸ್ಥಿತಿ ಸಿಕ್ಕರೆ 20 ನಿಮಿಷಕ್ಕೊಂದು ಸಲ. ಮೂವತ್ತು ಸುತ್ತಿಗೆ ಹತ್ತು ಗಂಟೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಒಂದು ಸುತ್ತಿಗೇ 20 ಗಂಟೆ ಬೇಕು, ಮೂವತ್ತಕ್ಕೆ 25 ದಿನ. ಹಳೆಯ ಪದ್ಧತಿಯಲ್ಲಿ ರೋಗಾಣುವನ್ನು ತಟ್ಟೆಯಲ್ಲೋ ಸೀಸೆಯಲ್ಲೋ ಬೆಳೆಸಿ ನೋಡಬೇಕಿತ್ತು, ಅಂದರೆ ಅದರ ವೇಗದಲ್ಲೇ ನಾವೂ ನಡೆಯಬೇಕಿತ್ತು. ಕ್ಷಯದ ಕಲ್ಚರ್‌ಗೆ ಆರು ವಾರ ಕಾಯುವ ರೂಢಿ ಬಂದದ್ದು ಹೀಗೆ. ಕ್ಷಯದ ಮೆನಿಂಜೈಟಿಸ್ ಅಷ್ಟು ದಿನ ಕಾಯುವುದಿಲ್ಲ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಒಂದೇ ದಿನದಲ್ಲಿ ಜೀವ ತೆಗೆಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ಬಂದವರಲ್ಲಿ ಆರರಲ್ಲೊಬ್ಬರು ಸಾಯುತ್ತಾರೆ, ಐವರಲ್ಲೊಬ್ಬರಿಗೆ ಕಿವುಡು, ಅಪಸ್ಮಾರದಂಥ ಗಂಭೀರ ತೊಡಕು ಉಳಿಯುತ್ತದೆ.

ಈ ವೇಗ ಏನು ಮಾಡಬಲ್ಲದೆಂಬುದಕ್ಕೆ ಸಾಕ್ಷಿ ಬ್ರಹ್ಮಾವರದಿಂದ ಅರ್ಧ ಗಂಟೆಯ ದಾರಿಯ ಮಣಿಪಾಲದಲ್ಲೇ ಇದೆ. ಮೊದಲು ಹೋಲಿಕೆಗೊಂದು ಪ್ರಕರಣ: 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಮಂದಿಗೆ ವಿಚಿತ್ರ ಮೆದುಳು ಜ್ವರ ಬಂತು. ಅದು ನಿಪಾ ವೈರಸ್ ಎಂಬ ವರದಿ ಪ್ರಕಟವಾದದ್ದು 2006ರಲ್ಲಿ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಒಂದೇ ಮನೆಯ ಎರಡನೇ ರೋಗಿಯ ಮಾದರಿ ಸುಮಾರು 300 ಕಿಲೋಮೀಟರ್ ದಾಟಿ ಮಣಿಪಾಲಕ್ಕೆ ಬಂತು. ಡಾ. ಜಿ. ಅರುಣ್‌ಕುಮಾರ್ ನೇತೃತ್ವದ ವೈರಸ್ ಸಂಶೋಧನಾ ಕೇಂದ್ರ ಪಿಸಿಆರ್‌ನಲ್ಲಿ ನಿಪಾ ಹಿಡಿಯಿತು. ಮೇ 20ಕ್ಕೆ ಪುಣೆಯ ವೈರಾಣು ಸಂಸ್ಥೆಯೂ ದೃಢಪಡಿಸಿತು. ಅಲ್ಲಿ 66 ರೋಗಿಗಳು ಮತ್ತು ಐದು ವರ್ಷ, ಇಲ್ಲಿ ಎರಡನೇ ರೋಗಿ ಮತ್ತು ಕೆಲವೇ ದಿನ. ಅಷ್ಟಾದರೂ ಹೆಚ್ಚಿನವರಿಗೆ ಮೊದಲ ರೋಗಿಯಿಂದಲೇ ಸೋಂಕು ದಾಟಿಯಾಗಿತ್ತು. ಆ ಕಂತಿನಲ್ಲಿ ಗುರುತಿಸಿದ 23 ಮಂದಿಯಲ್ಲಿ ಬದುಕಿದ್ದು ಇಬ್ಬರು. ಮೂರನೆಯವರಲ್ಲೋ ಹತ್ತನೆಯವರಲ್ಲೋ ಹಿಡಿದಿದ್ದರೆ ಆಸ್ಪತ್ರೆಯ ಹಜಾರಗಳಲ್ಲಿ ಇನ್ನೆಷ್ಟು ಸರಪಳಿ ಬೆಳೆಯುತ್ತಿತ್ತೋ.

ಇಷ್ಟೆಲ್ಲ ಹೊಗಳಿ ಒಂದು ತಕರಾರನ್ನೂ ಹೇಳಬೇಕು. ಅಮೆರಿಕದಲ್ಲಿ 2015ರಲ್ಲಿ ಅನುಮತಿ ಪಡೆದ ಹೆಸರುವಾಸಿ ಬಯೋಫೈರ್ ಪ್ಯಾನೆಲ್ ಒಂದೇ ಸಲಕ್ಕೆ 14 ರೋಗಾಣು ಹುಡುಕುತ್ತದೆ: ಆರು ಬ್ಯಾಕ್ಟೀರಿಯಾ, ಏಳು ವೈರಸ್, ಒಂದು ಶಿಲೀಂಧ್ರ. ಆ ಹದಿನಾಲ್ಕರಲ್ಲಿ ಕ್ಷಯ ಇಲ್ಲ. ಜಪಾನೀಸ್ ಎನ್ಸೆಫಲೈಟಿಸ್ ಇಲ್ಲ. ಸ್ಕ್ರಬ್ ಟೈಫಸ್ ಇಲ್ಲ, ನಿಪಾ ಇಲ್ಲ, ಮಂಗನ ಕಾಯಿಲೆ ಇಲ್ಲ. ಗದ್ದೆ ಬೈಲಿನವರಿಗೂ ಘಟ್ಟದ ಬುಡದವರಿಗೂ ಬೇಕಾದದ್ದೇ ಪಟ್ಟಿಯ ಹೊರಗೆ! 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಎರಡನೇ ಹಂತದಲ್ಲಿ ಮೆದುಳಿಗೂ ಏರಬಲ್ಲದು. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಎದ್ದಾಗ ಅನೇಕ ರೋಗಿಗಳನ್ನು ಘಟ್ಟ ಇಳಿಸಿ ತಂದದ್ದು ಮಣಿಪಾಲಕ್ಕೇ. ಯಂತ್ರ ‘ನೆಗೆಟಿವ್’ ಅಂದರೆ ಕೇಳಿದ ಹದಿನಾಲ್ಕು ಸಿಗಲಿಲ್ಲ ಎಂದಷ್ಟೇ ಅರ್ಥ. ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಂತೂ ರೋಗಿ ಆಸ್ಪತ್ರೆ ಸೇರುವ ಹೊತ್ತಿಗೆ ವೈರಾಣು ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಅಲ್ಲಿ ಪ್ರತಿಕಾಯ ಹುಡುಕುವ ಎಲೈಸಾನೇ ಗತಿ. ನಮ್ಮ ಪಟ್ಟಿಯನ್ನು ನಾವೇ ಬರೆದುಕೊಳ್ಳುವುದು ಲೇಸು. ಬೆಂಗಳೂರಿನಲ್ಲಿ ರೂಪುಗೊಂಡ, ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ಯಂತ್ರಕ್ಕೆ ಪುಣೆಯ ವೈರಾಣು ಸಂಸ್ಥೆ ಮಂಗನ ಕಾಯಿಲೆಯ ಪರೀಕ್ಷೆಯನ್ನು ಒಗ್ಗಿಸಿರುವುದು ಈ ದಾರಿಯ ಕೆಲಸ.

ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 75 ಕಿಲೋಮೀಟರ್. ಮೆದುಳಿನ ನೀರು ತೆಗೆಯಲು ಬೆನ್ನಿಗೆ ಸೂಜಿ ಹಾಕಬೇಕೆಂದಾಗ, ದಾರಿಗಿಂತ ಹೆಚ್ಚು ಹೊತ್ತು ತಿನ್ನುವುದು ವಾರ್ಡಿನ ಹೊರಗಿನ ಮಾತು: “ಬೆನ್ನಿಗ್ ಸೂಜಿ ಹಾಕುದ್ ಬ್ಯಾಡ ಮಾರ್ರೆ, ಸೊಂಟ ಬೀಳತ್ತ್.” ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ, ಸೂಜಿ ಹೋಗುವುದು ಅದರ ಕೆಳಗೆ. ಜ್ವರದ ಜೊತೆ ಕುತ್ತಿಗೆ ಸೆಟೆದರೆ, ವಾಂತಿಯಾದರೆ, ಮಾತು ತೊದಲಿದರೆ, ಮಂಪರು ಹತ್ತಿದರೆ ಬೆಳಗಾಗಲಿ ಎಂದು ಕಾಯಬೇಡಿ. ಸೂಜಿಗೆ ಒಪ್ಪಿಗೆ ಕೊಡಿ. ಇತ್ತೀಚೆಗೆ ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ, ಸತ್ತ ಮಂಗ ಕಂಡಿದ್ದರೆ ಡಾಕ್ಟರು ಕೇಳುವ ಮುಂಚೆಯೇ ಹೇಳಿ. ಯಾವ ಪರೀಕ್ಷೆಗೆ ಬರೆಯಬೇಕೆಂದು ಅವರಿಗೆ ತಿಳಿಯುವುದು ಅದರಿಂದಲೇ.